ಕಸದ ಡ್ರಮ್ಮಿನಿಂದ ಘಾಟು ಬಂದರೆ ಏನು ಮಾಡಬೇಕು?

ಪ್ರಶ್ನೆ (ಕಾಂಪ್ಲೆಕ್ಸ್ ಮೇಂಟೆನೆನ್ಸ್, ರಾಜಾಜಿನಗರ): ನಮಸ್ಕಾರ. ನಮ್ಮ ಕಾಂಪ್ಲೆಕ್ಸಿನಲ್ಲಿ ಒಂದು ದರ್ಶಿನಿ, ಮೊಬೈಲ್ ರಿಪೇರಿ ಅಂಗಡಿ, ಬ್ಯೂಟಿ ಪಾರ್ಲರ್, ಹಲ್ಲಿನ ಕ್ಲಿನಿಕ್ ಇವೆ. ಎಲ್ಲರ ಕಸವೂ ಬೇಸ್‌ಮೆಂಟಿನ ಡ್ರಮ್ಮುಗಳಿಗೆ ಬರುತ್ತದೆ. ಇವತ್ತು ಬೆಳಿಗ್ಗೆ ಹೌಸ್‌ಕೀಪಿಂಗ್ ಅಕ್ಕ ಒಂದು ಡ್ರಮ್ಮಿನ ಮುಚ್ಚಳ ತೆಗೆದರು. ಈಜುಕೊಳದ ವಾಸನೆಯಂಥ ಘಾಟು ಮುಖಕ್ಕೆ ಹೊಡೆಯಿತು. ಕಣ್ಣುರಿ, ಕೆಮ್ಮು. ಸೆಕ್ಯುರಿಟಿಯವರು ಒಂದು ಬಕೆಟ್ ನೀರು ಸುರಿದರು, ಘಾಟು ಇನ್ನೂ ಜಾಸ್ತಿಯಾಯಿತು. ಒಳಗೆ ಹರಿದ ಬ್ಲೀಚಿಂಗ್ ಪೌಡರ್ ಪ್ಯಾಕೆಟ್ಟು, ಪಕ್ಕದಲ್ಲೇ ಟಾಯ್ಲೆಟ್ ತೊಳೆಯುವ ಆಸಿಡ್ ಬಾಟ್ಲಿ, ಮುಚ್ಚಳ ಸಡಿಲ. ಕಸದ ಆಟೋ ಬರುವ ಹೊತ್ತಾಗಿತ್ತು, ಹಾಕಿ ಕಳಿಸಿಬಿಡೋಣ ಅಂದರು. ನಾನು ಬೇಡ ಅಂದೆ. ಡ್ರಮ್ ಅಲ್ಲೇ ಇದೆ. ಮುಂದೇನು?

ಉತ್ತರ (ಕೈಗಾರಿಕಾ ಸುರಕ್ಷತೆ, ಪೀಣ್ಯ): ಬೇಡ ಅಂದಿದ್ದು ಒಳ್ಳೆಯದಾಯಿತು. ಆದರೆ ಮೊದಲು ಆ ಅಕ್ಕನ ವಿಷಯ ಹೇಳಿ. ಡಾಕ್ಟರಿಗೆ ತೋರಿಸಿದಿರಾ? ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿದರೆ ಬರುವುದು ಕ್ಲೋರಿನ್. ಕೆಮ್ಮು ಅರ್ಧ ಗಂಟೆಯಲ್ಲಿ ನಿಂತಿತು ಅಂತ ಸುಮ್ಮನಾಗಬೇಡಿ. ಶ್ವಾಸಕೋಶದಲ್ಲಿ ನೀರು ತುಂಬುವ ತೊಂದರೆ ಕೆಲವು ಗಂಟೆ ಬಿಟ್ಟೂ ಶುರುವಾಗಬಹುದು. ಎದೆ ಬಿಗಿದರೆ, ಉಸಿರು ಸಿಗದಿದ್ದರೆ ಕಾಯಬೇಡಿ, ನೇರ ಆಸ್ಪತ್ರೆ. ಕಣ್ಣನ್ನು ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕಿತ್ತು. ನಮ್ಮ ಜನ ಎರಡು ಸಲ ಚಿಮುಕಿಸಿಕೊಂಡು ಸೆರಗಿನಲ್ಲಿ ಒರೆಸಿಕೊಂಡುಬಿಡುತ್ತಾರೆ.

ನೀರು ಯಾಕೆ ತಪ್ಪು ಅಂದರೆ, ಅದುವರೆಗೆ ಆಸಿಡ್ ಒಂದು ಮೂಲೆಯಲ್ಲಿತ್ತು. ಬಕೆಟ್ ಸುರಿದ ಮೇಲೆ ಅದು ಇಡೀ ಪೌಡರಿಗೆ ಹರಡಿತು. ಇನ್ನೊಂದು ವಿಷಯ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಬೇಸ್‌ಮೆಂಟಿನ ನೆಲದಲ್ಲೇ ಮಡುಗಟ್ಟುತ್ತದೆ. ಬಗ್ಗಿ ಕೂತು ಕೆಮ್ಮುವವರಿಗೆ ಜಾಸ್ತಿ ಏಟು. ಆದ್ದರಿಂದ ಮೊದಲ ಕೆಲಸ ಎಲ್ಲರನ್ನೂ ರ‍್ಯಾಂಪಿನಿಂದ ಮೇಲಕ್ಕೆ, ಗಾಳಿ ಬರುವ ಕಡೆಗೆ ಕಳಿಸುವುದು. ಆಮೇಲೆ ಯಾರೂ ಕೆಳಗಿಳಿಯದಂತೆ ಒಬ್ಬರು ಅಡ್ಡ ನಿಲ್ಲಬೇಕು. ಬೈಕ್ ತೆಗೆದುಕೊಂಡು ಬರ್ತೀನಿ ಸರ್, ಎರಡೇ ನಿಮಿಷ ಅನ್ನುವವರು ಇದ್ದೇ ಇರುತ್ತಾರೆ, ಬಿಡಬೇಡಿ. ತಿನ್ನರ್, ಪೆಟ್ರೋಲ್ ಥರದ ವಾಸನೆ ಬಂದರಂತೂ ಬೇಸ್‌ಮೆಂಟಿನಲ್ಲಿ ಗಾಡಿ ಸ್ಟಾರ್ಟ್ ಮಾಡಬಾರದು, ಲೈಟಿನ ಸ್ವಿಚ್ಚನ್ನೂ ಮುಟ್ಟಬಾರದು.

ಈಗ ಡ್ರಮ್. ಇನ್ನೂ ಹೊಗೆ, ಘಾಟು ಇದ್ದರೆ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ, 101 ಅಥವಾ 112. ಒಳಗೆ ಏನಿದೆ, ಎಷ್ಟಿದೆ ಅಂತ ಮೊದಲೇ ಹೇಳಿ. ಸಣ್ಣ ಬಟ್ಟೆಯ ಮಾಸ್ಕ್ ಕ್ಲೋರಿನ್ನಿಗೆ ಏನೂ ಮಾಡುವುದಿಲ್ಲ, ಅದನ್ನು ಕಟ್ಟಿಕೊಂಡು ಯಾರೂ ಧೈರ್ಯ ತೋರಿಸುವುದು ಬೇಡ. ತಣ್ಣಗಾಗಿದ್ದರೆ ಹಾಗೇ ಬಿಡಿ. ಮುಚ್ಚಳ ಬಿಗಿದು ಮುಚ್ಚಬೇಡಿ, ಒಳಗೆ ಗ್ಯಾಸ್ ತುಂಬಿ ಸಿಡಿಯಬಹುದು. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಅಪಾಯಕಾರಿ ತ್ಯಾಜ್ಯದವರನ್ನು ಕರೆಸಿ. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿರುವ ಮಂಡಳಿಯ ಕಚೇರಿಯಲ್ಲಿ ವಿಚಾರಿಸಿದರೆ ಪಟ್ಟಿ ಸಿಗುತ್ತದೆ. ಗುಜರಿಯವರಿಗೆ ಕೊಡಬೇಡಿ. ಆಟೋಗೂ ಹಾಕಬೇಡಿ. ಆಟೋದಿಂದ ಅದು ಕಾಂಪ್ಯಾಕ್ಟರಿಗೆ ಹೋಗುತ್ತದೆ, ಅಲ್ಲಿ ಒತ್ತುವಾಗ ಪಕ್ಕದಲ್ಲಿ ನಿಂತಿರುವವರು ಪೌರಕಾರ್ಮಿಕರು. ಅವರಿಗೆ ಒಳಗೇನಿದೆ ಅಂತ ಗೊತ್ತೇ ಇರುವುದಿಲ್ಲ.

ಪ್ರಶ್ನೆ (ಮೊಬೈಲ್ ಅಂಗಡಿ, ಜಯನಗರ): ಸರ್, ಉಬ್ಬಿದ ಬ್ಯಾಟರಿ ದಿನಾ ನಾಲ್ಕೈದು ಬರುತ್ತವೆ. ನಾವು ಒಣ ಕಸಕ್ಕೇ ಹಾಕುತ್ತಿದ್ದೆವು.

ಉತ್ತರ: ಇವತ್ತಿಂದ ನಿಲ್ಲಿಸಿ ಅಣ್ಣ. ಲಿಥಿಯಂ ಬ್ಯಾಟರಿ ಮೇಲೆ ಭಾರ ಬಿದ್ದು ಒಳಗೆ ಶಾರ್ಟ್ ಆದರೆ ಬೆಂಕಿ. ರಟ್ಟು, ಪ್ಲಾಸ್ಟಿಕ್ ಪಕ್ಕದಲ್ಲೇ ಇರುತ್ತೆ, ಕೇಳಬೇಕಾ? ತುದಿಗಳಿಗೆ ಟೇಪ್ ಸುತ್ತಿ, ಒಂದು ತಗಡಿನ ಡಬ್ಬಿಯಲ್ಲಿ ಒಣ ಮರಳು ಹಾಕಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಡಬ್ಬಿಯ ಬಾಯಿ ಬಿಗಿಯುವುದು ಬೇಡ. ಉಬ್ಬಿದ್ದನ್ನು ಪಿನ್ ಚುಚ್ಚಿ ಗಾಳಿ ಬಿಡುವ ಹುಡುಗರನ್ನು ನೋಡಿದ್ದೇನೆ, ಖಂಡಿತ ಬೇಡ. 2022ರ ಬ್ಯಾಟರಿ ನಿಯಮದ ಪ್ರಕಾರ ಹಳೆ ಬ್ಯಾಟರಿ ವಾಪಸ್ ತಗೊಳ್ಳುವ ಹೊಣೆ ಕಂಪನಿಗಳ ಮೇಲಿದೆ. ನಿಮ್ಮ ಡಿಸ್ಟ್ರಿಬ್ಯೂಟರನ್ನು ಕೇಳಿ, ಬಿಡಬೇಡಿ.

ಪ್ರಶ್ನೆ (ಫರ್ನಿಚರ್ ಕೆಲಸ, ಮಾಗಡಿ ರೋಡ್): ಪಾಲಿಶ್ ಒರೆಸಿದ ಬಟ್ಟೆ ಕಸಕ್ಕೆ ಹಾಕಬಹುದಲ್ವಾ? ಬರೀ ಬಟ್ಟೆ ತಾನೆ.

ಉತ್ತರ: ಪಾಲಿಶ್‌ನಲ್ಲಿ ಲಿನ್‌ಸೀಡ್ ಎಣ್ಣೆ, ಅಂದರೆ ಅಗಸೆ ಎಣ್ಣೆ ಇದ್ದರೆ ಬರೀ ಬಟ್ಟೆ ಅಲ್ಲ. ಆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ. ಮುದ್ದೆ ಮಾಡಿ ಮೂಲೆಗೆ ಎಸೆದರೆ ಬಿಸಿ ಹೊರಗೆ ಹೋಗಲಾರದು, ಕಡ್ಡಿ ಗೀರದೆಯೇ ಹತ್ತಿಕೊಳ್ಳುತ್ತದೆ, ಅದೂ ಎಲ್ಲರೂ ಬಾಗಿಲು ಹಾಕಿ ಮನೆಗೆ ಹೋದ ಮೇಲೆ. ನೀರಿನಲ್ಲಿ ನೆನೆಸಿ, ಮುಚ್ಚಳ ಇರುವ ತಗಡಿನ ಡಬ್ಬಿಯಲ್ಲಿ ಇಡಿ. ಇಲ್ಲಿ ನೀರು ಸರಿ, ಮೇಲಿನ ಕೇಸಿನಲ್ಲಿ ತಪ್ಪು. ಏನಿದೆ ಅಂತ ತಿಳಿಯುವವರೆಗೆ ಏನೂ ಸುರಿಯಬೇಡಿ ಅನ್ನುವುದು ಇದಕ್ಕೇ.

ಪ್ರಶ್ನೆ (ಮೇಂಟೆನೆನ್ಸ್, ರಾಜಾಜಿನಗರ): ಸರ್, ಅಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬಂದೆ. ಸಂಜೆವರೆಗೆ ಅಲ್ಲೇ ಇಟ್ಟುಕೊಂಡು ನೋಡಿದರು, ಈಗ ಪರವಾಗಿಲ್ಲ. ಇನ್ನೊಂದು ಡ್ರಮ್ಮಿನಲ್ಲಿ ಕೂಲ್‌ಡ್ರಿಂಕ್ಸ್ ಬಾಟ್ಲಿ ಇದೆ, ಒಳಗೆ ಹಳದಿ ನೀರು. ಬಾಟ್ಲಿಯ ಮೈ ಸುಕ್ಕಾಗಿ ಮೆತ್ತಗಾಗಿದೆ. ಕ್ಲಿನಿಕ್‌ನ ಒಂದು ಸೂಜಿಯೂ ಕಂಡಿತು.

ಉತ್ತರ: ಬಾಟ್ಲಿ ಮೆತ್ತಗಾಗಿದೆ ಅಂದರೆ ಒಳಗಿರುವುದು ಪ್ಲಾಸ್ಟಿಕ್ಕನ್ನೇ ಕರಗಿಸುತ್ತಿರಬಹುದು. ತೆಗೆದು ಮೂಸಿ ನೋಡುವುದು, ಅಲ್ಲಾಡಿಸುವುದು ಬೇಡ. ಫೋಟೋ ತೆಗೆದು, ಆ ಡ್ರಮ್ಮನ್ನೂ ಬೇರೆ ಮಾಡಿ, ಮೊದಲ ಡ್ರಮ್ ತೆಗೆಯಲು ಬರುವ ಅಪಾಯಕಾರಿ ತ್ಯಾಜ್ಯದವರಿಗೆ ತೋರಿಸಿ. ಸೂಜಿಯನ್ನು ಕೈಯಲ್ಲಿ ಎತ್ತಬೇಡಿ, ಚೀಲವನ್ನು ಕೈಯಿಂದ ಒತ್ತಿ ಕಟ್ಟುವುದೂ ಬೇಡ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಸೂಜಿ ಹೋಗಬೇಕಾದದ್ದು ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ. ಕ್ಲಿನಿಕ್ಕಿನವರನ್ನು ಕೆಳಗೆ ಕರೆಸಿ, ಅವರೇ ಇಕ್ಕಳದಲ್ಲಿ ಎತ್ತಿಕೊಂಡು ಹೋಗಲಿ. ಅಕ್ಕನಿಗೆ ಎರಡು ದಿನ ರಜೆ ಕೊಡಿ, ಸಂಬಳ ಹಿಡಿಯಬೇಡಿ.