ತೂಕ ನಮ್ಮ ಯಜಮಾನರದ್ದು ಜಾಸ್ತಿ, ಬಿಪಿ ಮಾತ್ರ ನನಗೆ. ಯಾಕೆ?

ಡೊಂಬಿವಲಿ ಅಕ್ಕ:
ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ತೂಕ 70 ಕೆ.ಜಿ., ಎತ್ತರ ಐದಡಿ ಎರಡಿಂಚು. ನಮ್ಮ ಯಜಮಾನರು 82 ಕೆ.ಜಿ., ಐದಡಿ ಎಂಟಿಂಚು. ಹೋದ ಭಾನುವಾರ ಸೊಸೈಟಿಯಲ್ಲಿ ಬಿಪಿ ನೋಡಿದರು. ಅವರದ್ದು 126/80. ನನ್ನದು 152/94! ಇಬ್ಬರಿಗೂ ಒಂದೇ ಅಡುಗೆ, ಊಟವೂ ನನ್ನದೇ ಕಡಿಮೆ. ಮುಟ್ಟು ನಿಂತು ಎರಡು ವರ್ಷ ಆಯಿತು. ಆಮೇಲೆ ಆರು ಕೆ.ಜಿ. ಏರಿದೆ, ಎಲ್ಲ ಹೊಟ್ಟೆಗೇ. ಇನ್ನೊಂದು ವಿಷಯ. ಆ ಹುಡುಗ ತೋಳಿಗೆ ಸುತ್ತಿದ ಪಟ್ಟಿ ಎರಡು ಸಲ ಚರ್ರಂತ ಬಿಟ್ಟುಕೊಂಡಿತು. ಮೂರನೇ ಸಲ ಕೈಯಲ್ಲಿ ಅದುಮಿ ಹಿಡಿದು ನೋಡಿದ. ರಾತ್ರಿ ನಿದ್ದೆಯೇ ಬರಲಿಲ್ಲ.

ಮಾಟುಂಗಾದ ನಿವೃತ್ತ ನರ್ಸ್:
ತಂಗೀ, ಮೊದಲು ಆ ಪಟ್ಟಿಯ ವಿಷಯ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ದೊಡ್ಡ ಪಟ್ಟಿ ಕೇಳಿ ಪಡೆಯಿರಿ, ನಾಚಿಕೆ ಬೇಡ. ಐದು ನಿಮಿಷ ಬೆನ್ನು ಆನಿಸಿ ಸುಮ್ನೆ ಕುಳಿತು, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಟ್ಟು ನೋಡಿಸಿ. ಮಾತಾಡಬೇಡಿ.

ಇನ್ನು ನಿಮ್ಮ ಪ್ರಶ್ನೆ. ತೂಕ ಎಷ್ಟು ಅನ್ನುವಷ್ಟೇ ಅದು ಎಲ್ಲಿ ಕೂತಿದೆ ಅನ್ನುವುದೂ ಮುಖ್ಯ. ಮುಟ್ಟು ಇರುವಾಗ ಹೆಂಗಸರ ಕೊಬ್ಬು ಹೆಚ್ಚಾಗಿ ಸೊಂಟ, ತೊಡೆಗೆ ಹೋಗುತ್ತದೆ. ನಿಂತ ಮೇಲೆ ಹೊಟ್ಟೆಯೊಳಗೆ ಸೇರುತ್ತದೆ. ಅಲ್ಲಿನ ಕೊಬ್ಬು ಕಿಡ್ನಿಯನ್ನು ಒತ್ತುತ್ತದೆ, ಕಿಡ್ನಿ ಉಪ್ಪು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಬಿಪಿ ಏರುತ್ತದೆ. ಜೊತೆಗೆ ರಕ್ತನಾಳಗಳನ್ನು ಮೆದುವಾಗಿ ಇಡುತ್ತಿದ್ದ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕೂಡ ಇಳಿದಿರುತ್ತದೆ. ಅದಕ್ಕೇ ಚಿಕ್ಕ ವಯಸ್ಸಿನಲ್ಲಿ ಬಿಪಿ ಗಂಡಸರಲ್ಲಿ ಜಾಸ್ತಿ, ಅರವತ್ತು ದಾಟಿದ ಮೇಲೆ ಹೆಂಗಸರು ಅವರನ್ನು ಹಿಂದೆ ಹಾಕುತ್ತಾರೆ. ನನ್ನ ವಾರ್ಡಿನಲ್ಲಿ ಇದನ್ನೇ ಕಂಡಿದ್ದೇನೆ.

ದರ್ಜಿಯ ಟೇಪ್ ತಂದು ಸೊಂಟ ಅಳೆಯಿರಿ. ನಮ್ಮ ದೇಶದವರಿಗೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಮಿತಿ. ಹಾಗಂತ ಯಜಮಾನರನ್ನು ಬಿಡಬೇಡಿ, ಅವರದ್ದೂ ಅಳೆಯಿರಿ.

ಪುಣೆ ಹಡಪ್ಸರ್‌ನಿಂದ:
ಅಕ್ಕಾ, ನನಗೆ 41ಕ್ಕೇ ಬಿಪಿ ಬಂತು. 94 ಕೆ.ಜಿ. ಇದ್ದೆ, ಗೊರಕೆ ಬೇರೆ. ಕತ್ತಿನ ಸುತ್ತ ಕೊಬ್ಬು ಸೇರಿ ನಿದ್ದೆಯಲ್ಲಿ ಉಸಿರು ಕಟ್ಟಿದರೂ ಬಿಪಿ ಏರುತ್ತದಂತೆ, ಡಾಕ್ಟರ್ ಹೇಳಿದ್ದು. ಒಂದು ವರ್ಷದಲ್ಲಿ 9 ಕೆ.ಜಿ. ಇಳಿಸಿದೆ, ಮೇಲಿನ ಅಂಕಿ 148ರಿಂದ 138ಕ್ಕೆ ಬಂತು. ಸರಾಸರಿ ಲೆಕ್ಕ ಕೆ.ಜಿ.ಗೆ ಒಂದು ಪಾಯಿಂಟ್. ಮಾತ್ರೆ ಇನ್ನೂ ಇದೆ, ನಾನಾಗಿ ಬಿಟ್ಟಿಲ್ಲ.

ಡೊಂಬಿವಲಿ ಅಕ್ಕ:
ಇವತ್ತು ದೊಡ್ಡ ಪಟ್ಟಿಯಲ್ಲಿ ನೋಡಿಸಿದೆ. 142/90. ಇಳಿದಿದೆ, ಆದರೂ ಜಾಸ್ತಿಯೇ ಅಲ್ವಾ? ಸೊಂಟ 94 ಸೆಂ.ಮೀ., ಅವರದ್ದು 98! ಅಳೆದ ಮೇಲೆ ಅವರೂ ಸುಮ್ಮನಾದರು. ಊರಿಂದ ಅತ್ತೆ ಕಳಿಸಿದ ಮಿಡಿ ಉಪ್ಪಿನಕಾಯಿ ಭರಣಿಯನ್ನು ಪಕ್ಕದ ಮನೆಗೆ ಕೊಡಲು ಮನಸ್ಸು ಬರಲಿಲ್ಲ, ಅಟ್ಟಕ್ಕೆ ಏರಿಸಿದ್ದೇನೆ. ಒಂದು ವಾರ ಬೆಳಿಗ್ಗೆ, ಸಂಜೆ ಬಿಪಿ ಬರೆದಿಟ್ಟು ಡಾಕ್ಟರಿಗೆ ತೋರಿಸುತ್ತೇನೆ. ಇಬ್ಬರದ್ದೂ.