ಸಹಾಯ ಬೇಕು: ಮಂಗಳೂರಿನ ಮಳೆಗೆ ಮಾರ್ಟಿನ್ ಡಿ-28 ಗಿಟಾರ್ ತಗೊಳ್ಳೋದಾ, ಟೇಲರ್ 814ಸಿಇ ತಗೊಳ್ಳೋದಾ?

ನಮಸ್ಕಾರ ಎಲ್ರಿಗೂ. ತುಂಬಾ ವರ್ಷದಿಂದ ದುಡ್ಡು ಕೂಡಿಟ್ಟಿದೀನಿ, ಐದು ಲಕ್ಷದವರೆಗೂ ಓಕೆ, ಜೀವಮಾನಕ್ಕೆ ಇದೊಂದೇ ಸಾಕು ಅನ್ನೋ ಥರದ ಅಕೌಸ್ಟಿಕ್ ಗಿಟಾರ್ ಬೇಕು.

ಬೆಂಗಳೂರಿಗೆ ಹೋದಾಗ ಎರಡನ್ನೂ ಕೂತು ನುಡಿಸಿ ನೋಡ್ದೆ. ಎರಡಕ್ಕೂ ಮೇಲೆ ಸಿಟ್ಕಾ ಸ್ಪ್ರೂಸ್ ಮರ, ಹಿಂದೆ ಪಕ್ಕ ಎಲ್ಲ ಇಂಡಿಯನ್ ರೋಸ್‌ವುಡ್, ಅಂದ್ರೆ ನಮ್ಮ ಮಲೆನಾಡಲ್ಲೂ ಬೆಳೆಯೋ ಬೀಟೆ ಮರಾನೇ, ಆದ್ರೂ ಸೌಂಡಲ್ಲಿ ಅಜಗಜಾಂತರ. ಡಿ-28ರಲ್ಲಿ ಜಿ ಕಾರ್ಡ್ ಒಂದ್ಸಲ ಎಳೆದ್ರೆ ಸಾಕು ಬೇಸ್ ಎದೆಗೇ ತಾಗತ್ತೆ, ಭಾವಗೀತೆಗೆ ಸ್ಟ್ರಮ್ ಮಾಡೋಕೆ ಅದೇ ಬೇಕು ಅನ್ಸತ್ತೆ. ಟೇಲರಲ್ಲಿ ಬೆರಳಿಂದ ಮೀಟಿದ್ರೆ ಒಂದೊಂದು ತಂತಿನೂ ಬಿಡಿಬಿಡಿಯಾಗಿ ಕೇಳ್ಸತ್ತೆ, ನೆಕ್ (ಹಿಡಿ) ಪಕ್ಕ ಬಾಡಿ ಒಳಗೆ ಕತ್ತರಿಸಿರೋ ಕಟ್‌ಅವೇ ಇರೋದ್ರಿಂದ ಮೇಲಿನ ಫ್ರೆಟ್‌ಗೂ ಕೈ ಸಲೀಸು, ಆಂಪ್‌ಗೆ ಜೋಡಿಸೋಕೆ ಪಿಕಪ್ಪೂ ಒಳಗೇ ಇದೆ.

ಸೌಂಡ್ ಕೇಳಿ ಮನಸ್ಸು ಮಾರ್ಟಿನ್ ಕಡೆಗೇ ವಾಲಿದೆ, ಆದ್ರೆ ತಲೆಬಿಸಿ ಆಗಿರೋದು ಇಲ್ಲಿನ ಹವಾಮಾನದ್ದು. ಪೂರ್ತಿ ಸಾಲಿಡ್ ಮರದ (ಪ್ಲೈವುಡ್ ಅಲ್ಲದ) ಗಿಟಾರ್‌ಗೆ 45ರಿಂದ 55 ಪರ್ಸೆಂಟ್ ತೇವಾಂಶ ಇದ್ರೆ ಒಳ್ಳೇದು, ಮಳೆಗಾಲದಲ್ಲಿ ಮಂಗಳೂರಲ್ಲಿ 80 ದಾಟತ್ತೆ. ಈಗಿರೋ ಗಿಟಾರ್‌ದು ಜುಲೈ ಬಂತು ಅಂದ್ರೆ ಟಾಪ್ ಉಬ್ಬಿ ತಂತಿ ಮೇಲೆದ್ದು ಒಂದೇ ಬೆರಳಲ್ಲಿ ಹಲವು ತಂತಿ ಒತ್ತೋ ಬಾರ್ ಕಾರ್ಡ್ ಹಿಡಿಯೋಕೇ ಆಗಲ್ಲ. ಕೇಸೊಳಗೆ ಸಿಲಿಕಾ ಜೆಲ್ ಇಟ್ಟೆ, ನೆಕ್ ಬಾಗು ಸರಿ ಮಾಡೋ ಒಳಗಿನ ಕಂಬಿ, ಟ್ರಸ್ ರಾಡ್, ಅಡ್ಜಸ್ಟ್ ಮಾಡ್ಸಿದೆ, ಏನೂ ಉಪಯೋಗ ಆಗ್ಲಿಲ್ಲ. ಟೇಲರ್ ನೆಕ್ ಬೋಲ್ಟ್ ಹಾಕಿರೋದು, ಹೀಗೆ ತಂತಿ ಮೇಲೆದ್ರೆ ಬಿಚ್ಚಿ ಆಂಗಲ್ ಸರಿ ಮಾಡೋದು ಸುಲಭ, ಡಿ-28ದು ಡವ್‌ಟೇಲ್ ಜಾಯಿಂಟ್ (ಮರಕ್ಕೆ ಮರ ಕಚ್ಚಿಸಿ ಅಂಟು ಹಾಕಿರೋದು), ಬಿಚ್ಚೋದೇ ದೊಡ್ಡ ಕೆಲಸ.

ಉಡುಪಿ, ಮಂಗಳೂರು, ಕಾರವಾರ ಕಡೆ ಇಂಥ ಗಿಟಾರ್ ಇಟ್ಕೊಂಡಿರೋರು ದಯವಿಟ್ಟು ಹೇಳಿ, ರೂಮಲ್ಲಿ ತೇವ ಹೀರೋ ಡಿಹ್ಯುಮಿಡಿಫೈಯರ್ ಇಟ್ರೆ ಡಿ-28 ಮಳೆಗಾಲ ತಡ್ಕೊಳ್ಳತ್ತಾ, ಇಲ್ಲಾ ಟೇಲರ್‌ಗೇ ಹೋಗ್ಲಾ?