ಕಾಕಾ ಕಳಿಸಿದ ಹಾಲಿನ ವಿಡಿಯೋ

ಗುಂಪು: ನಮ್ಮ ಮನಿ ಮಂದಿ
ಭಾನುವಾರ, ಬೆಳಿಗ್ಗೆ 6:12

ಗೋಕಾಕ ಕಾಕಾ: (ಫಾರ್ವರ್ಡ್ ಆದ ವಿಡಿಯೋ) ಪ್ಯಾಕೆಟ್ ಹಾಲಿನಲ್ಲಿ ವಿಷ!! ಕುದಿಸಿದರೂ ಹೋಗಲ್ಲ!! ಬೆಳಗಾವಿಯವರು ಮೊದಲು ನೋಡಿ.

ಬೆಳಗಾವಿ ಅಣ್ಣ: ಕಾಕಾ, ಚಹಾ ಒಲೆ ಮೇಲಿದೆ. ಈಗಲೇ ಹೆದರಿಸಬೇಡಿ.

ಗೋಕಾಕ ಕಾಕಾ: ಅದಕ್ಕೇ ಹೇಳುವುದು, ಊರಿಗೆ ಬಂದು ನಮ್ಮ ಆಕಳ ಹಾಲು ಕುಡಿಯಿರಿ ಅಂತ.

ನಾನು: ವಿಡಿಯೋ ಪೂರ್ತಿ ನೋಡಿದೆ. ಕುದಿಸಿದರೂ ಹೋಗಲ್ಲ ಅನ್ನುವುದು ನಿಜ. ಅದರ ಹೆಸರು ಅಫ್ಲಾಟಾಕ್ಸಿನ್. ಆದರೆ ಪ್ಯಾಕೆಟ್‌ನವರು ಬೆರೆಸಿದ್ದು ಅನ್ನುವುದು ಸುಳ್ಳು. ಬೂಷ್ಟು ಹಿಡಿದ ಕಾಳು, ಹಿಂಡಿ ತಿಂದ ಆಕಳಿಂದ ಬರುತ್ತದೆ ಅದು. ತಿಂದ ಒಂದು ದಿನದೊಳಗೆ ಹಾಲಿಗೆ ಇಳಿಯುತ್ತದೆ.

ಗೋಕಾಕ ಕಾಕಾ: ಹಂಗಾದರೆ ಪ್ಯಾಕೆಟ್‌ನಲ್ಲೇ ಯಾಕೆ ಜಾಸ್ತಿ ಸಿಕ್ಕಿತು? ಸರ್ಕಾರದ ಲೆಕ್ಕವನ್ನೇ ತೋರಿಸಿದ್ದಾರೆ.

ನಾನು: ಲೆಕ್ಕ ಸರಿ ಇದೆ. 2018ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆ ಎಫ್‌ಎಸ್‌ಎಸ್‌ಎಐ ದೇಶದ ತುಂಬ 6,432 ಹಾಲಿನ ಮಾದರಿ ಪರೀಕ್ಷೆ ಮಾಡಿಸಿತ್ತು. ಕಲಬೆರಕೆಯಿಂದ ಕುಡಿಯಲು ಅಪಾಯ ಅನ್ನುವಂಥದ್ದು ಸಿಕ್ಕಿದ್ದು ಬರೀ 12. ಅಫ್ಲಾಟಾಕ್ಸಿನ್ ಮಿತಿ ಮೀರಿದ್ದು 368. ಹಸಿ ಹಾಲಿಗಿಂತ ಪ್ಯಾಕೆಟ್‌ನಲ್ಲಿ ಜಾಸ್ತಿ, ಅದೂ ಹೌದು. ಆದರೆ ಆ ಪ್ಯಾಕೆಟ್‌ಗೆ ಹಾಲು ಹಾಕಿದವರು ಯಾರು? ನಮ್ಮಂಥವರೇ ಅಲ್ವಾ?

ನಾನು: ಹೋದ ವಾರ ಬಂದಾಗ ಕೊಟ್ಟಿಗೆ ಮೂಲೆಯ ಗೊಂಜಾಳದ ಚೀಲಕ್ಕೆ ಕೈ ಹಾಕಿದ್ದೆ. ಕಾಳು ಮುದ್ದೆ ಮುದ್ದೆ. ಬೆರಳಿಗೆ ಹಸಿರು ಪುಡಿ ಅಂಟಿತು. ಕಾಕಿ ಚಹಾಕ್ಕೆ ಕರೆದರು ಅಂತ ಸುಮ್ನೆ ಒಳಗೆ ಹೋದೆ. ಆಗಲೇ ಹೇಳಬೇಕಿತ್ತು.

ಗೋಕಾಕ ಕಾಕಾ: ಮಳೆಗೆ ಸಿಕ್ಕ ಮಾಲು, ಪೇಟೆಯಲ್ಲಿ ಯಾರೂ ಕೇಳಲಿಲ್ಲ. ಚೆಲ್ಲಬೇಕಿತ್ತಾ? ಅಪ್ಪನ ಕಾಲದಿಂದ ಇಂಥದ್ದನ್ನು ದನಕ್ಕೇ ಹಾಕಿದ್ದೇವೆ. ಒಂದೂ ಸತ್ತಿಲ್ಲ, ಡಾಕ್ಟರ್‌ಬಾಯಿ.

ನಾನು: ಸಾಯಲ್ಲ, ಅದೇ ತಾಪತ್ರಯ. 1960ರಲ್ಲಿ ಇಂಗ್ಲೆಂಡ್‌ನಲ್ಲಿ ಲಕ್ಷದಷ್ಟು ಟರ್ಕಿ ಕೋಳಿ ಸತ್ತ ಮೇಲೇ ಈ ವಿಷ ಇದೆ ಅಂತ ಗೊತ್ತಾಗಿದ್ದು. ಅವು ತಿಂದದ್ದು ಶೇಂಗಾ ಹಿಂಡಿ. ಆಕಳು ತಡೆದುಕೊಳ್ಳುತ್ತದೆ, ಮೊಮ್ಮಕ್ಕಳು ಹಾಲು ಕುಡಿಯುತ್ತವೆ. ಲಿವರ್ ಕ್ಯಾನ್ಸರ್ ತರುವ ಪದಾರ್ಥ ಕಾಕಾ ಇದು.

ಬೆಳಗಾವಿ ಅಣ್ಣ: ಐಎಸ್‌ಐ ಗುರುತಿನ ಪಶು ಆಹಾರ ತಂದರೆ ಮುಗೀತಲ್ಲ. ಅದಕ್ಕಿಷ್ಟು ಯಾಕೆ ಜಗಳ?

ಗೋಕಾಕ ಕಾಕಾ: ದುಡ್ಡು ನೀ ಫೋನ್‌ಪೇ ಮಾಡ್ತೀಯಾ? ಡೇರಿಯಲ್ಲಿ ಫ್ಯಾಟ್ ನೋಡುತ್ತಾರೆ, ಡಿಗ್ರಿ ನೋಡುತ್ತಾರೆ. ಬೂಷ್ಟು ಹಾಕದ ಹಾಲು ಅಂತ ಎಂದಾದರೂ ನಾಲ್ಕಾಣೆ ಜಾಸ್ತಿ ಕೊಟ್ಟಿದ್ದಾರಾ? ಸರ್ಕಾರದ ಪ್ರೋತ್ಸಾಹಧನವೂ ಲೀಟರ್ ಲೆಕ್ಕ. ಒಳ್ಳೆಯದು ತಿನ್ನಿಸಿದವನಿಗೂ ಅಷ್ಟೇ, ಕೆಟ್ಟದ್ದು ತಿನ್ನಿಸಿದವನಿಗೂ ಅಷ್ಟೇ. ನಿಯಮ ಬರೆಯುವವರು ದಿಲ್ಲಿಯಲ್ಲಿ. ಚೀಲ ಹೊರುವವ ನಾನು.

ಬೆಳಗಾವಿ ಅಣ್ಣ: 🤐

ನಾನು: ಈ ಮಾತು ಒಪ್ಪಿದೆ ಕಾಕಾ. ಪಶು ಆಹಾರದಲ್ಲಿ ಕಿಲೋಗೆ 20 ಮೈಕ್ರೋಗ್ರಾಂ, ಹಾಲಿನಲ್ಲಿ ಅರ್ಧ ಮೈಕ್ರೋಗ್ರಾಂ ಅಂತ ಕಾಗದದಲ್ಲಿ ಮಿತಿ ಬರೆದಿಟ್ಟರೆ ಯಾರ ಕೊಟ್ಟಿಗೆಯೂ ಬದಲಾಗಲ್ಲ. ಹಾಲಿನ ಸಂಘದಲ್ಲೇ ಪರೀಕ್ಷೆ ಮಾಡಿ, ಪಾಸಾದ ಹಾಲಿಗೆ ದರ ಜಾಸ್ತಿ ಕೊಡಬೇಕು. ಮುಂದಿನ ಸಭೆಯಲ್ಲಿ ನೀವೇ ಕೇಳಿ, ಬೇಕಾದರೆ ನಾನೂ ಬರುತ್ತೇನೆ. ಆದರೆ ಕಾಳು ಒಣಗಿಸುವುದಕ್ಕೆ ಯಾರ ದುಡ್ಡು ಬೇಕು? ತಾಡಪತ್ರಿ ನಿಮ್ಮಲ್ಲೇ ಇದೆ. ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನುವವರೆಗೂ ಚೀಲಕ್ಕೆ ತುಂಬಬೇಡಿ. ಚೀಲದ ಕೆಳಗೆ ಹಲಗೆ ಹಾಕಿ, ಗೋಡೆಗೆ ತಾಗಿಸಬೇಡಿ.

ಗೋಕಾಕ ಕಾಕಾ: ಹಲಗೆ ಹಾಕುತ್ತೇನೆ. ಸಭೆಗೆ ನೀ ಬರಲೇಬೇಕು. ನಾ ಮಾತಾಡಿದರೆ ಜಗಳ ಅಂತಾರೆ.

ಕಾಕಿ: ಈಗ ಆ ಚೀಲ ಏನು ಮಾಡಲಿ?

ನಾನು: ಮೂಗಿಗೆ ಬಟ್ಟೆ ಕಟ್ಟಿಕೊಂಡು ಗುಂಡಿ ತೋಡಿ ಹೂಳಿಸಿ ಕಾಕಿ. ಯಾವುದಕ್ಕೂ ಹಾಕಬೇಡಿ. ಕೋಳಿಗಂತೂ ಬೇಡವೇ ಬೇಡ.

ಕಾಕಿ: ದನ ಸರಿಯಾಗಿ ಮುಟ್ಟಲಿಲ್ಲ ಅಂತ ಮೊನ್ನೆಯಿಂದ ಕೋಳಿಗೇ ಹಾಕುತ್ತಿದ್ದೇನೆ.

ಬೆಳಗಾವಿ ಅಣ್ಣ: ಕಾಕಿ, ನಿನ್ನೆ ಬಸ್ಸಿಗೆ ಕಳಿಸಿದ ಮೊಟ್ಟೆ?

ಕಾಕಿ: ಅವು ಮೊನ್ನೆಗಿಂತ ಮುಂಚಿನವು. ಹೆಚ್ಚು ಕಡಿಮೆ.